‘ಅದ ತಾನ’ ಹಾಡುವ ಡಿಸೆಂಬರ್

ಎಲ್ಲರಿಗೂ ನಮಸ್ಕಾರ. ಧಾರವಾಡದ ಈ ಥಂಡಿಯಲ್ಲೂ ಇಷ್ಟು ಜನ ಬಂದಿದ್ದೀರಿ. ಆಮೇಲೆ ಚಹಾ ಇದೆ ಅಂತ ಗೊತ್ತಾಗಿ ಬಂದಿದ್ದರೂ ಬೇಜಾರಿಲ್ಲ.

ಹೋದ ವಾರ ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಸ್ವೆಟರ್ ನೋಡುತ್ತಿದ್ದೆ. ಸ್ಪೀಕರಿನಲ್ಲಿ ‘ಜಿಂಗಲ್ ಬೆಲ್ಸ್’ ಬಂತು. ಮುಗಿದ ಕೂಡಲೇ ಸಾಲ ಕೊಡುವವರ ಜಾಹೀರಾತು. ಅದರ ಬೆನ್ನಿಗೆ ಅಮೆರಿಕದ ಗಾಯಕಿ ಮರಾಯಾ ಕ್ಯಾರಿಯ ‘ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯು’. ‘ಯಾರಪ್ಪಾ ಈ ಹಾಡು ಆರಿಸಿದ್ದು?’ ಅಂತ ಅಂಗಡಿ ಹುಡುಗನನ್ನು ಕೇಳಿದೆ. ‘ಕ್ರಿಸ್‌ಮಸ್ ಅಂತ ಒತ್ತೀನ್ರಿ ಸರ್, ಅದ ತಾನ ಹಾಡಾಕತ್ತೈತಿ’ ಅಂದ.

ಇವತ್ತಿನ ನನ್ನ ಮಾತೆಲ್ಲ ಆ ‘ಅದ ತಾನ’ ಬಗ್ಗೆಯೇ.

‘ಜಿಂಗಲ್ ಬೆಲ್ಸ್’ನಲ್ಲಿ ಕ್ರಿಸ್‌ಮಸ್ ಎಂಬ ಪದವೇ ಇಲ್ಲ, ಗೊತ್ತಾ? 1857ರಲ್ಲಿ ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಅಚ್ಚು ಹಾಕಿಸಿದ್ದು. ಹಿಮದ ಮೇಲೆ ಕುದುರೆ ಗಾಡಿ ಓಡಿಸುವ ಹುರುಪು, ಅಷ್ಟೇ. ನಮ್ಮಲ್ಲಿ ಚಕ್ಕಡಿ ಓಡಿಸುವವರು ಹಾಡಿಕೊಂಡ ಹಾಗೆ.

ಮರಾಯಾ ಕ್ಯಾರಿಯ ಹಾಡು ಬಂದದ್ದು 1994ರಲ್ಲಿ. ವಾರವಾರ ಜನಪ್ರಿಯ ಹಾಡುಗಳನ್ನು ಎಣಿಸುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು 2019ರ ಡಿಸೆಂಬರಿನಲ್ಲಿ. 25 ವರ್ಷ ಬೇಕಾಯಿತು! ಅಲ್ಲಿಯದೇ ಇನ್ನೊಬ್ಬ ಗಾಯಕಿ ಬ್ರೆಂಡಾ ಲೀ ಕಥೆ ಇನ್ನೂ ಮಜಾ. 13ನೇ ವಯಸ್ಸಿನಲ್ಲಿ, 1958ರಲ್ಲಿ ಹಾಡಿದ ‘ರಾಕಿನ್ ಅರೌಂಡ್ ದ ಕ್ರಿಸ್‌ಮಸ್ ಟ್ರೀ’ 2023ರಲ್ಲಿ ಮೊದಲ ಸ್ಥಾನಕ್ಕೆ ಬಂತು.

ಹಾಡು ಅದೇ, ದನಿ ಅದೇ. ಬದಲಾದದ್ದು ಎಣಿಸುವ ರೀತಿ. ನಾನು ಕಾಲೇಜಿನಲ್ಲಿದ್ದಾಗ ಒಂದು ಕ್ಯಾಸೆಟ್ ಕೊಂಡಿದ್ದೆ. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಕೇಳಿ, 10 ವರ್ಷ ಓಡಿಸಿದೆ. ಅಂಗಡಿಯ ಲೆಕ್ಕದಲ್ಲಿ ಅದು ಒಂದೇ ಒಂದು ಮಾರಾಟ. ಈಗ ಪ್ರತಿ ಸಲ ಕೇಳಿದ್ದಕ್ಕೂ ಲೆಕ್ಕ. ಫೋನಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಆ್ಯಪಿನಲ್ಲಿ 30 ಸೆಕೆಂಡು ಓಡಿದರೆ ಸಾಕು, ಒಂದು ಅಂತ ಬರೆದುಕೊಳ್ಳುತ್ತದೆ. ಹಾಗಾಗಿ ಹಳೇ ಹಾಡು ಪ್ರತಿ ಡಿಸೆಂಬರಿನಲ್ಲೂ ಹೊಸದಾಗಿ ಗಂಟು ಕಟ್ಟುತ್ತದೆ. ಜಾಸ್ತಿ ಕೇಳಿದ್ದು ಪ್ಲೇಲಿಸ್ಟಿನ ಮೇಲಕ್ಕೆ, ಮೇಲಿದ್ದದ್ದು ಇನ್ನೂ ಜಾಸ್ತಿ ಕಿವಿಗೆ. ಹೊಸಬರ ಹಾಡು ಇಲ್ಲಿ ನುಗ್ಗೋದು ಕಷ್ಟ ಅಲ್ವಾ?

‘ಸೈಲೆಂಟ್ ನೈಟ್’ ಎಂಬ ಕ್ರಿಸ್‌ಮಸ್ ಹಾಡು ಬೆಳೆದ ದಾರಿ ಬೇರೆ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಅದನ್ನು ಮೊದಲು ಹಾಡಿದರು. ಪದ ಪಾದ್ರಿ ಯೋಸೆಫ್ ಮೋರ್ ಅವರದು, ಧಾಟಿ ಶಾಲಾ ಮಾಸ್ತರ ಫ್ರಾಂಟ್ಸ್ ಗ್ರೂಬರ್ ಅವರದು. ಪಕ್ಕವಾದ್ಯ ಒಂದು ಗಿಟಾರು. ಊರೂರು ತಿರುಗುವ ಹಾಡುಗಾರ ಕುಟುಂಬಗಳು ಅದನ್ನು ಹೊತ್ತೊಯ್ದವು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿಗೆ ಬಂದರು. ಜರ್ಮನ್ ಧಾಟಿಗೆ ಕನ್ನಡದ ಮಾತು ಕೂಡಿಸಿದರು. ಆ ಮಿಶ್ರಣ ನನಗಂತೂ ಪ್ಲೇಲಿಸ್ಟಿಗಿಂತ ರುಚಿ.

ನಮ್ಮ ಓಣಿಗೆ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ಹಾಡುವ ಹುಡುಗರು ಹೋದ ವರ್ಷವೂ ಬಂದಿದ್ದರು. ರಾತ್ರಿ ಹನ್ನೊಂದು. ಒಂದು ಗಿಟಾರು, ಒಂದು ಢೋಲಕ್, ಮಂಕಿ ಟೋಪಿ ಹಾಕಿಕೊಂಡ ಎಂಟು ಮಂದಿ. ನಾಯಿಗಳೂ ದನಿಗೂಡಿಸಿದವು. ಎದುರು ಮನೆ ಅಜ್ಜಿ ಕಟ್ಟೆ ಮೇಲೆ ಕೂತು ‘ಇನ್ನೊಮ್ಮೆ ಹಾಡ್ರಪ್ಪಾ’ ಅಂದರು. ಹಾಡಿದರು.

ಸರಿ, ಈಗ ಫೋನಿನಿಂದ ಒಂದು ಹಾಡು ಕೇಳಿಸುತ್ತೇನೆ. ಯಾರಾದರೂ ಗಡಿಯಾರ ನೋಡಿಕೊಳ್ಳಿ, 29 ಸೆಕೆಂಡಿಗೆ ಕೈ ಎತ್ತಿ. ಅಲ್ಲಿಗೇ ನಿಲ್ಲಿಸುತ್ತೇನೆ. ಉಳಿದದ್ದನ್ನು ನಾವೇ ಹಾಡೋಣ.