ಕಸ ಕಸ ಅಂತೀರಲ್ಲ, ಅದೂ ಚರ್ಮಾನೇ!

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ರು ಬರೆದಿದ್ದಾರೆ: "ಟ್ಯಾನರಿ ಕಸದಿಂದ ಮಾಡಿದ ಫಿನಿಶ್ ಹಚ್ಚಿದ ಬೂಟು ನಾನಂತೂ ಮೆಟ್ಟಲ್ಲ, ನಾರುತ್ತೆ." ಟ್ಯಾನರಿ ಅಂದ್ರೆ ತೊಗಲು ಹದ ಮಾಡೋ ಕಾರ್ಖಾನೆ, ಫಿನಿಶ್ ಅಂದ್ರೆ ಚರ್ಮದ ಮೇಲೆ ಕೊನೆಗೆ ಹಚ್ಚೋ ಲೇಪ. ಆ ಕಾಮೆಂಟ್‌ಗೆ ಲೈಕ್ ಬೇರೆ, ನನ್ನ ವಿಡಿಯೋಗಿಂತ ಜಾಸ್ತಿ! ಕೆಳಗೆ ಬಟನ್ ಇದೆ, ಮೊದಲು ಒತ್ತಿ, ಆಮೇಲೆ ಜಗಳ ಆಡೋಣ.

ಸ್ವಾಮಿ, ಅದೂ ಚರ್ಮಾನೇ. ಉಪ್ಪು ಹಾಕಿದ ಹಸಿ ತೊಗಲು 1,000 ಕೆಜಿ ಒಳಗೆ ಹೋದ್ರೆ ಹದವಾಗಿ ಹೊರಗೆ ಬರೋದು ಹೆಚ್ಚುಕಮ್ಮಿ 200ರಿಂದ 250 ಕೆಜಿ. ಮಿಕ್ಕಿದ್ದರಲ್ಲಿ ನೀರು, ಉಪ್ಪು, ಕೂದಲು, ಕೊಬ್ಬು ಇದೆ, ಒಪ್ಪಿದೆ. ಆದ್ರೆ ಶೇವಿಂಗ್ಸ್? ಹದ ಮಾಡೋಕೆ ಹಾಕೋ ಕ್ರೋಮ್, ಅಂದ್ರೆ ಕ್ರೋಮಿಯಂ ಲವಣ, ಹೀರಿ ತಿಳಿನೀಲಿಯಾದ ವೆಟ್‌ಬ್ಲೂ ತೊಗಲನ್ನ ಮೆಷಿನ್‌ಗೆ ಕೊಟ್ಟು ಒಂದೇ ದಪ್ಪಕ್ಕೆ ತರ್ತಾರೆ. ಆಗ ಉದುರುತ್ತೆ ನೋಡಿ, ಬಡಗಿ ಕೀಸುಳಿ ಹೊಡೆದಾಗ ಬರೋ ಹಾಗೆ, ಒದ್ದೆ ಒದ್ದೆ ನೀಲಿ ಹೊಟ್ಟು, ಅದೇ ಶೇವಿಂಗ್ಸ್. ಬ್ಲೇಡಿಗೆ ಸಿಗದೆ ಉಳಿದದ್ದು ಬೂಟಂತೆ, ಕೆಳಗೆ ಬಿದ್ದದ್ದು ಕಸವಂತೆ! ಎರಡೂ ಅದೇ ಕೊಲಾಜನ್, ತೊಗಲಿನ ಪ್ರೋಟೀನು ಕಣ್ರೀ.

"ಅದರಲ್ಲಿ ಕ್ರೋಮ್ ಇದೆಯಲ್ಲ?" ಇದೆ. ಬಹುಪಾಲು ಚರ್ಮದ ಬೂಟುಗಳಲ್ಲೂ ಇದೆ, ಕಾಲಿಗೆ ಹಾಕ್ಕೊಂಡೇ ಕಾಮೆಂಟ್ ಬರೀತಿದ್ದೀರಿ. ಶೇವಿಂಗ್ಸ್‌ಗೆ ಮೆಗ್ನೀಸಿಯಮ್ ಆಕ್ಸೈಡ್ ಹಾಕಿ ಬಿಸಿ ಮಾಡಿ, ಪ್ರೋಟೀನ್ ಒಡೆಯೋ ಕಿಣ್ವ ಸೇರಿಸಿದ್ರೆ, ಪ್ರೋಟೀನ್ ನೀರಿಗಿಳಿಯುತ್ತೆ, ಕ್ರೋಮ್ ಗಸಿಯಾಗಿ ಕೂರುತ್ತೆ. ಸೋಸಿ, ಮುಗೀತು. ಅದೇ ಹೊಟ್ಟನ್ನ ಕಂಡಹಾಗೆ ಸುಟ್ರೆ ಕ್ರೋಮ್-3 ರೂಪದಲ್ಲಿದ್ದದ್ದು ಕ್ರೋಮ್-6 ಆಗುತ್ತೆ, ವಿಷ ಅಂದ್ರೆ ಅದು. ಸುಟ್ಟಾಗ ಯಾರಿಗೂ ನಾತ ಬರಲ್ಲ, ಹಚ್ಚಿದಾಗ ಬರುತ್ತೆ!

ಸೋಸಿದ ಪ್ರೋಟೀನನ್ನ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ ರಾಳದ ಜೊತೆ ಬೆಸೆದ್ರೆ ಫಿನಿಶ್‌ಗೆ ಬೈಂಡರ್, ಅಂದ್ರೆ ಲೇಪವನ್ನ ಚರ್ಮಕ್ಕೆ ಹಿಡಿಸೋ ಅಂಟು, ಆಗುತ್ತೆ. ಸಡಿಲವಾದ ಚರ್ಮ ತುಂಬಿಸೋಕೂ ಬರುತ್ತೆ. ಮಿರಿಮಿರಿ ಗ್ಲೇಜ್ ಫಿನಿಶ್‌ಗೆ ಮೊದಲಿಂದ ಹಚ್ಚೋದೇನು ಗೊತ್ತಾ? ಕೇಸೀನ್. ಹಾಲಿನ ಪ್ರೋಟೀನು! ಹಾಲಿಂದು ತೊಗಲಿಗೆ ಹಚ್ಚಿದ್ರೆ ಘಮಘಮ, ತೊಗಲಿಂದು ತೊಗಲಿಗೆ ಹಚ್ಚಿದ್ರೆ ಗಬ್ಬುನಾತ. ಯಾವ ಲೆಕ್ಕ ಮಾರಾಯ್ರೇ ಇದು?

"ನೀರು ಬಿದ್ರೆ ಕರಗುತ್ತೆ" ಅಂತ ಇನ್ನೊಬ್ರು. ಕೇಸೀನೂ ಹಾಗೇ, ಅದಕ್ಕೇ ನೀರಿಗೆ ಕರಗದ ಹಾಗೆ ಫಿಕ್ಸ್ ಮಾಡೋದು. "ಖರ್ಚು ಜಾಸ್ತಿ" ಅಂತ ಮತ್ತೊಬ್ರು. ಗುಂಡಿ ತೋಡಿ ಹೂತುಹಾಕೋದು ಪುಕ್ಕಟೆನಾ? ಲೆಕ್ಕ ಕೇಳಬೇಡಿ, ಸ್ಕ್ರಿಪ್ಟ್‌ನ ಆ ಹಾಳೆ ಎಲ್ಲೋ ಬಿತ್ತು.

ನಾರುತ್ತಂತೆ! ಮೂಸಿದ್ದೀರಾ? ಮೂಸಿಲ್ಲ! ಅದೂ ಚರ್ಮಾನೇ, ಚರ್ಮಾನೇ, ಚರ್ಮಾನೇ!

...ಅಂದಹಾಗೆ ಹೊಸ ಮೈಕು. ಕಿರುಚಿದ್ದು ಒಡೆದು ಕೇಳಿಸ್ತಾ, ಹೇಳಿ.