ಸ್ಪಿತಿ ಕಣಿವೆಯ ಮಣ್ಣಿನ ವಿಹಾರಗಳು

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಹಿಮಾಚಲ ಪ್ರದೇಶದಲ್ಲಿ, ಟಿಬೆಟ್ಟಿನ ಗಡಿಗೆ ತಾಗಿಕೊಂಡು ಸ್ಪಿತಿ ಎಂಬ ಕಣಿವೆಯಿದೆ. ಮುಂಗಾರಿನ ಮೋಡಗಳು ದಕ್ಷಿಣದ ಹಿಮಾಲಯ ಶ್ರೇಣಿಗಳಲ್ಲೇ ಬರಿದಾಗುವುದರಿಂದ ಇಲ್ಲಿ ಮಳೆ ಬಲು ವಿರಳ. ಗುಡ್ಡಗಳು ಬೋಳು, ನದಿಯ ಅಂಚಿನಲ್ಲಷ್ಟೇ ಬಾರ್ಲಿ ಮತ್ತು ಬಟಾಣಿಯ ಹೊಲಗಳು. ಮಲೆನಾಡಿನ ಕಣ್ಣಿಗೆ ಇದು ಬರಡು ನೆಲವಾಗಿ ಕಂಡೀತು. ಪಶ್ಚಿಮ ಘಟ್ಟದ ಮಳೆನೆರಳಿನಲ್ಲೇ ಬಾಳುವೆ ಮಾಡುತ್ತಿರುವ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ನಾವು ಮಾತ್ರ ಆ ನೆಲದ ಕಟ್ಟಡಗಳನ್ನು ಬೇಗ ಗುರುತು ಹಿಡಿಯುತ್ತೇವೆ: ದಪ್ಪ ಮಣ್ಣಿನ ಗೋಡೆ, ಮೇಲೆ ತೊಲೆ ಜಂತಿ ಹಾಸಿ ಮಣ್ಣು ಮುಚ್ಚಿದ ಚಪ್ಪಟೆ ಸೂರು. ನಮ್ಮ ಹಳ್ಳಿಗಳ ಮಾಳಿಗೆ ಮನೆಗಳ ಹಾಗೆಯೇ ಅವರ ಗುಡಿಗಳೂ ಇವೆ.

ಆ ಗುಡಿಗಳಲ್ಲಿ ಮೊದಲು ಹೇಳಬೇಕಾದದ್ದು ತಾಬೊ ಎಂಬ ಬೌದ್ಧ ವಿಹಾರವನ್ನು. ಕ್ರಿ.ಶ. 996ರಲ್ಲಿ ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ಅರಸ ಯೇಶೆ ಓ ಇದನ್ನು ಕಟ್ಟಿಸಿದನು. ಸಂಸ್ಕೃತದ ಬೌದ್ಧ ಗ್ರಂಥಗಳನ್ನು ಟಿಬೆಟನ್ ಭಾಷೆಗೆ ತಂದ ರಿಂಚೆನ್ ಝಂಗ್‌ಪೊ ಅವರ ಹೆಸರೂ ಇದರೊಂದಿಗೆ ಸೇರಿಕೊಂಡಿದೆ. ಹೊರಗಿನಿಂದ ಅಲಂಕಾರವೇ ಇಲ್ಲ. ಒಳಗೆ ಕಾಲಿಟ್ಟರೆ ನಾಲ್ಕು ದೇಹಗಳ ವೈರೋಚನ ಬುದ್ಧ ನಾಲ್ಕು ದಿಕ್ಕಿಗೂ ಮುಖ ಮಾಡಿ ಕುಳಿತಿದ್ದಾನೆ. ಸುತ್ತಲಿನ ಗೋಡೆಗಳಿಂದ ಮಣ್ಣಿನಲ್ಲೇ ಮೂಡಿಸಿದ ದೇವತೆಗಳು ಹೊರಚಾಚಿ, ಇಡೀ ಸಭಾಮಂಟಪವೇ ಒಂದು ಮಂಡಲ, ಅಂದರೆ ನಡುವೆ ಬುದ್ಧ, ಸುತ್ತ ದೇವತೆಗಳಿರುವ ಪವಿತ್ರ ವಿನ್ಯಾಸ, ಆಗಿಬಿಟ್ಟಿದೆ. ಆ ಶಿಲ್ಪಗಳ ಕೆಳಗೆ ಒಂದು ಗೋಡೆಯುದ್ದಕ್ಕೂ ಬುದ್ಧನ ಜೀವನ, ಎದುರಿನ ಗೋಡೆಯಲ್ಲಿ ಜ್ಞಾನವನ್ನು ಅರಸುತ್ತ ಗುರುವಿನಿಂದ ಗುರುವಿಗೆ ನಡೆದ ವರ್ತಕರ ಮಗ ಸುಧನನ ಕಥೆ ಚಿತ್ರಿತವಾಗಿದೆ. ಪ್ರದಕ್ಷಿಣೆ ಹಾಕುವ ಭಕ್ತ ಸುಧನನೊಂದಿಗೆ ತಾನೂ ಹೆಜ್ಜೆ ಹಾಕಬೇಕೆಂಬ ಈ ಏರ್ಪಾಡು ನನ್ನನ್ನು ಬಹಳವಾಗಿ ಸೆಳೆದಿದೆ. ತಾಬೊವನ್ನು ಹಿಮಾಲಯದ ಅಜಂತಾ ಎಂದು ಕರೆಯುವುದು ರೂಢಿ. ಆದರೆ ಅಜಂತಾದಲ್ಲಿ ಈಗ ಭಿಕ್ಷುಗಳಿಲ್ಲ, ತಾಬೊದಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ.

ಕೊಪ್ಪಳದ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡು, ಸಿರುಗುಪ್ಪದ ಕಡೆಯ ನಿಟ್ಟೂರು ಮತ್ತು ಉಡೇಗೋಳ, ರಾಯಚೂರು ಜಿಲ್ಲೆಯ ಮಸ್ಕಿ, ಇಷ್ಟು ಕಡೆ ಅಶೋಕನ ಶಾಸನಗಳನ್ನು ಉಳಿಸಿಕೊಂಡಿರುವ ಸೀಮೆ ನಮ್ಮದು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಿಂದಲೇ ಇಂಥ ಶಾಸನಗಳಲ್ಲಿ ದೇವಾನಾಂಪ್ರಿಯ, ಅಂದರೆ ದೇವರಿಗೆ ಪ್ರಿಯನಾದವನು, ಎಂದು ಕರೆದುಕೊಂಡ ಅರಸ ಅಶೋಕನೇ ಎಂಬುದು ಖಚಿತವಾಯಿತು. ಕ್ರಿ.ಪೂ. 3ನೆಯ ಶತಮಾನದಲ್ಲೇ ಬುದ್ಧನ ಉಪಾಸಕನೊಬ್ಬನ ಮಾತನ್ನು ಬಂಡೆಯ ಮೇಲೆ ಕಂಡ ನಾಡಿನವರು ಸ್ಪಿತಿಯನ್ನು ಕೇವಲ ಹಿಮ ನೋಡಲು ಹೋಗುವ ತಾಣವೆಂದು ತಿಳಿಯಬಾರದೆಂಬುದು ನನ್ನ ಆಶಯ.

ಧನ್‌ಖರ್ ವಿಹಾರ ಸ್ಪಿತಿ ಮತ್ತು ಪಿನ್ ನದಿಗಳ ಸಂಗಮದ ಮೇಲೆ, ಸವೆಯುತ್ತಿರುವ ಕೋಡುಗಲ್ಲಿನ ನೆತ್ತಿಯಲ್ಲಿದೆ. ಹಿಂದೆ ಇದೇ ಊರು ಕಣಿವೆಯ ರಾಜಧಾನಿಯಾಗಿತ್ತು. ಕಾಜಾ ಪಟ್ಟಣದ ಆಚೆ, 4,166 ಮೀಟರ್ ಎತ್ತರದಲ್ಲಿ ಕೀ ವಿಹಾರವಿದೆ. ಸಮುದ್ರಜೀವಿಗಳ ಪಳೆಯುಳಿಕೆಗಳು ಸಿಗುವ ಲಾಂಗ್ಝಾ ಗ್ರಾಮ, ಚಂದ್ರತಾಲ್ ಸರೋವರ ಇವನ್ನೂ ನೋಡಬಹುದು. ಪಳೆಯುಳಿಕೆಯನ್ನು ಕೊಂಡು ತರುವುದು ಮಾತ್ರ ಬೇಡ, ಅದು ಆ ಬೆಟ್ಟದ ಸೊತ್ತು.

ಮಣ್ಣಿನ ಮಾಳಿಗೆಗೆ ಅಕಾಲದ ಮಳೆ ಎಂಥ ಶತ್ರುವೆಂಬುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಸೂರು ಸೋರಿದರೆ ತಾಬೊದಲ್ಲಿ ಕರಗುವುದು ಸಾವಿರ ವರ್ಷದ ಚಿತ್ರ. ಆದ್ದರಿಂದ ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬಾರದು, ಕೈ ತಾಗಿಸಬಾರದು. ಒಳಗೆ ಛಾಯಾಚಿತ್ರಕ್ಕೆ ಅನುಮತಿಯಿಲ್ಲ.

ಸುಮಾರು 400 ಮೀಟರ್ ಎತ್ತರದ ರಾಯಚೂರಿನಿಂದ ಹೊರಟವರು ಮನಾಲಿ ಮಾರ್ಗವಾಗಿ 4,551 ಮೀಟರಿನ ಕುಂಜುಂ ಕಣಿವೆದಾರಿಯನ್ನು ಒಮ್ಮೆಲೇ ಏರಿದರೆ ತಲೆನೋವು, ವಾಂತಿ, ಉಸಿರಾಟದ ತೊಂದರೆ ಕಾಡಬಹುದು. ಆ ದಾರಿ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಯೂ ಹೋಗುತ್ತದೆ. ಶಿಮ್ಲಾದಿಂದ ಕಿನ್ನೌರ್ ಮೂಲಕ ಸಾಗುವ ದಾರಿ ನಿಧಾನವಾಗಿ ಎತ್ತರಕ್ಕೇರುತ್ತದೆ, ದೇಹ ಒಗ್ಗಿಕೊಳ್ಳಲು ಬಿಡುವು ಕೊಡುತ್ತದೆ. ಹಾಗೆ ಹೋದವರಿಗೆ ಕೀ ಮತ್ತು ಧನ್‌ಖರ್‌ಗಿಂತ ಮೊದಲು ತಾಬೊವೇ ಸಿಗುತ್ತದೆ. ಅಲ್ಲಿ ಒಂದು ರಾತ್ರಿಯಾದರೂ ತಂಗಿ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮುಂದಕ್ಕೆ ಹೊರಡಿರಿ.