ಗೆಟ್ಟಿಸ್‌ಬರ್ಗ್‌ಗೆ ಹೊರಡುವ ಮುನ್ನ

ಅಧ್ಯಕ್ಷರೇ, ಸಂಘದ ಗೆಳೆಯರೇ,

ಬರುವ ಶನಿವಾರ ನಮ್ಮ ಬಸ್ಸು ಗೆಟ್ಟಿಸ್‌ಬರ್ಗ್‌ಗೆ ಹೊರಡಲಿದೆ. ಗುಲಾಮಗಿರಿಯ ಪ್ರಶ್ನೆಯಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ ಅಂತರ್ಯುದ್ಧದಲ್ಲಿ, 1863ರ ಜುಲೈನ ಆ ಮೂರು ದಿನ ಅಲ್ಲಿ ಏನು ನಡೆಯಿತೆಂದು ನಾನು ಹೇಳಬೇಕಾಗಿಲ್ಲ. ನಿಮ್ಮ ಮಕ್ಕಳು ಶಾಲೆಯಲ್ಲಿ ಓದಿ ಬಂದು ನಿಮಗೇ ಪಾಠ ಮಾಡಿರುತ್ತಾರೆ. ನನಗೆ ಆಸಕ್ತಿಯಿರುವುದು ಆಮೇಲೆ ನಡೆದ ಕಾಳಗದಲ್ಲಿ, ಅಂದರೆ ಕಲ್ಲು ನೆಡುವ ಕಾಳಗದಲ್ಲಿ. ಆ ಹೊಲಗಳಲ್ಲಿ ಸ್ಮಾರಕ, ಫಲಕ ಎಲ್ಲ ಸೇರಿ 1,300ಕ್ಕೂ ಹೆಚ್ಚಿವೆ. ನನ್ನದು ಒಂದೇ ಕೋರಿಕೆ: ಯಾವುದರ ಮುಂದೆ ನಿಂತರೂ ಮೊದಲು ಅದನ್ನು ನಿಲ್ಲಿಸಿದ ಇಸವಿ ಹುಡುಕಿ. ಫೋಟೋ ಆಮೇಲೆ.

ಮೂರನೆಯ ದಿನ ದಕ್ಷಿಣದ ಜನರಲ್ ಪಿಕೆಟ್‌ನ ದಂಡು ಏರಿ ಬಂದ ಕಲ್ಲುಗೋಡೆಯ ಹತ್ತಿರ ಉತ್ತರದ ಕಡೆಯ ಪೆನ್ಸಿಲ್ವೇನಿಯಾದ 72ನೇ ರೆಜಿಮೆಂಟಿನ ಪ್ರತಿಮೆಯಿದೆ. ಸೈನಿಕ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಂದೂಕಿನ ಮರದ ಹಿಡಿಯಿಂದ ಬಡಿಯಲು ತೋಳೆತ್ತಿದ್ದಾನೆ. 2011ರ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯದ ಮೇಲಿರುವವನೂ ಇವನೇ. ಪರ್ಸ್ ತೆಗೆದು ನೋಡಿ, ಈಗಲೇ ಬೇಡ.

ಈ ಮಹಾಶಯ ಗೋಡೆಯ ಬಳಿ ಸುಮ್ಮನೆ ಬಂದು ನಿಂತವನಲ್ಲ, ಮೊಕದ್ದಮೆ ಹೂಡಿ ನಿಂತವನು. 1880ರ ದಶಕದಲ್ಲಿ ಯುದ್ಧಭೂಮಿಯನ್ನು ನೋಡಿಕೊಳ್ಳುತ್ತಿದ್ದ ಸ್ಮಾರಕ ಸಂಘದ ನಿಯಮ ಸ್ಪಷ್ಟವಾಗಿತ್ತು: ರೆಜಿಮೆಂಟು ಕದನದ ಸಾಲಿನಲ್ಲಿ ಎಲ್ಲಿತ್ತೋ ಅಲ್ಲೇ ಅದರ ಸ್ಮಾರಕ, ಅಲ್ಲಿಂದ ಎಷ್ಟು ದೂರ ನುಗ್ಗಿತು ಎಂಬುದು ಲೆಕ್ಕಕ್ಕಿಲ್ಲ. ನಿಯಮ ತಪ್ಪೆನ್ನಲಾರೆ. ಇಲ್ಲದಿದ್ದರೆ ಎಲ್ಲ ರೆಜಿಮೆಂಟುಗಳೂ ಗೋಡೆಯ ಬಳಿಯೇ ಜಾಗ ಕೇಳುತ್ತಿದ್ದವು. 72ನೆಯದು ನಿಂತಿದ್ದು ಹಿಂದೆ, ಎರಡನೆಯ ಸಾಲಿನಲ್ಲಿ. ತಾನು ಮುನ್ನುಗ್ಗಲು ಹೇಳಿದಾಗ ಅವರು ಕದಲಲಿಲ್ಲ ಎಂಬುದು ಅವರ ದಳಪತಿ ಜನರಲ್ ವೆಬ್ ಅವರ ದೂರು. ಕಡೆಗೆ ಗೋಡೆಯವರೆಗೂ ಹೋಗಿ ಹೊಡೆದಾಡಿದ್ದು ನಿಜ. "ನಿಮ್ಮ ಜಾಗ ಹಿಂದೆ" ಎಂದಿತು ಸಂಘ. ಬದುಕುಳಿದವರು ಒಪ್ಪಲಿಲ್ಲ. ಅವರಲ್ಲೊಬ್ಬರು ಗೋಡೆಯ ಬಳಿ ಅಡಿಪಾಯ ತೋಡಲು ಹೋಗಿ, ಅತಿಕ್ರಮ ಪ್ರವೇಶದ ಆರೋಪದ ಮೇಲೆ ಬಂಧನಕ್ಕೊಳಗಾದರು! ತಮ್ಮವರು ಪ್ರಾಣ ಕೊಟ್ಟ ನೆಲದಲ್ಲಿ ಅತಿಕ್ರಮ ಪ್ರವೇಶ. ವ್ಯಾಜ್ಯ ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತಲೆ ನರೆತ ಸೈನಿಕರು, ಕಾಲು ಶತಮಾನದ ಹಿಂದೆ ತಾವು ಎಷ್ಟು ಹೆಜ್ಜೆ ಮುಂದಿದ್ದೆವೆಂದು ಪ್ರಮಾಣ ಮಾಡಿ ಸಾಕ್ಷಿ ನುಡಿದರು. 1891ರಲ್ಲಿ ಗೆದ್ದರು, ಅದೇ ವರ್ಷ ಪ್ರತಿಮೆ ನಿಂತಿತು. 2013ರ ಜೂನ್‌ನಲ್ಲಿ ಬಿರುಗಾಳಿಗೆ ಪೀಠದಿಂದ ಉರುಳಿತು. ಕೋರ್ಟು ಅಲುಗಿಸಲಾಗದವನನ್ನು ಗಾಳಿ ಕೆಡವಿತು. ಮತ್ತೆ ಎತ್ತಿ ನಿಲ್ಲಿಸಿದ್ದಾರೆ, ಗೋಡೆಯ ಬಳಿಯೇ. 1891 ಎಂಬುದನ್ನು ಗಮನಿಸದವರಿಗೆ ಅವನು 1863ರಿಂದಲೂ ಅಲ್ಲೇ ಇದ್ದಂತೆ ಕಾಣುತ್ತಾನೆ.

ಒಂದು ಸಣ್ಣ ಗುರುತು ಹೇಳಿಬಿಡುತ್ತೇನೆ. ಬ್ರಿಗೇಡುಗಳ ಲೋಹದ ಫಲಕಗಳ ಬುಡ ಚೌಕವಾಗಿದ್ದರೆ ಉತ್ತರದವರದು, ದುಂಡಾಗಿದ್ದರೆ ದಕ್ಷಿಣದವರದು. ಅವುಗಳಲ್ಲಿ ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ. ಅದಕ್ಕೇ ಯಾರೂ ಓದುವುದಿಲ್ಲ.

ಈಗ ಸೆಮಿನರಿ ದಿಬ್ಬದ ಕಡೆ ಬನ್ನಿ. ದಕ್ಷಿಣ ಕೆರೊಲಿನಾದ ಸ್ಮಾರಕ ಇರುವುದು ಅಲ್ಲಿ. ರಾಜ್ಯಗಳ ಹಕ್ಕು ಪವಿತ್ರವೆಂಬ ಅಚಲ ನಂಬಿಕೆಯೇ ತಮ್ಮ ಸೈನಿಕರ ಧ್ಯೇಯವಾಗಿತ್ತು ಎಂದು ಕೊರೆಸಿದ್ದಾರೆ. ಗುಲಾಮಗಿರಿಯ ಸುದ್ದಿಯೇ ಇಲ್ಲ. ಇಸವಿ ನೋಡಿ: 1963. ಅನಾವರಣಕ್ಕೆ ಬಂದು ಭಾಷಣ ಮಾಡಿದವರು ಅಲಬಾಮಾದ ಗವರ್ನರ್ ಜಾರ್ಜ್ ವಾಲೆಸ್. ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ವಿಶ್ವವಿದ್ಯಾಲಯದ ಬಾಗಿಲಿಗೇ ಅಡ್ಡ ನಿಂತು ಅವರಿಗೆ ಆಗಿನ್ನೂ ಮೂರು ವಾರ. ಮರು ತಿಂಗಳು ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಮಾತನಾಡಿದರು. ಆ ಕಲ್ಲು ಯಾವ ಯುದ್ಧದ್ದು ಎಂದು ನನ್ನನ್ನು ಕೇಳಿದರೆ 1863ರದು ಎನ್ನಲು ನಾಲಿಗೆ ಏಳುವುದಿಲ್ಲ.

ಅದೇ ದಿಬ್ಬದ ಮರಗಳ ನಡುವೆ ದಕ್ಷಿಣದ ಜನರಲ್ ಲಾಂಗ್‌ಸ್ಟ್ರೀಟ್ ಕುದುರೆಯ ಮೇಲಿದ್ದಾರೆ. ಪೀಠವಿಲ್ಲ, ನೆಲದ ಮೇಲೆಯೇ. ಯುದ್ಧ ಮುಗಿದ ಮೇಲೆ ಉತ್ತರದ ನಾಯಕ ಲಿಂಕನ್ನರ ಪಕ್ಷ ಸೇರಿದ್ದಕ್ಕೆ ಸ್ವಂತ ಜನರೇ ಅವರ ಮೇಲೆ ಸೋಲಿನ ಹೊರೆ ಹೊರಿಸಿದರು. ಪ್ರತಿಮೆ ಬಂದದ್ದು 1998ರಲ್ಲಿ. ಕುದುರೆಯ ಒಂದು ಕಾಲು ಮೇಲಿದ್ದರೆ ಸವಾರ ಗಾಯಗೊಂಡಿದ್ದ ಎಂದು ಅಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಇವರ ಕುದುರೆ ಕಾಲೆತ್ತಿದೆ. ಇವರಿಗೆ ಅಲ್ಲಿ ಒಂದು ಗೀರೂ ಆಗಿರಲಿಲ್ಲ.

ಅಧ್ಯಕ್ಷರಿಂದ ಚೀಟಿ ಬಂದಿದೆ. ಮೂರು ಜಾಗಗಳ ಬಗ್ಗೆ ಹೇಳಬೇಕೆಂದಿದ್ದೆ, ಒಂದನ್ನು ಮುಟ್ಟಿ ಬಿಡುತ್ತೇನೆ. ಮಾಂಟಾನಾದ ಲಿಟಲ್ ಬಿಗ್‌ಹಾರ್ನ್. 1876ರಲ್ಲಿ ಗೆದ್ದವರು ಮೂಲನಿವಾಸಿಗಳಾದ ಲಕೋಟಾ, ಶಯನ್ ಜನ. ಆದರೆ 1991ರವರೆಗೂ ಆ ಯುದ್ಧಭೂಮಿಗೆ ಸೋತ ಅಮೆರಿಕನ್ ಸೇನಾಧಿಕಾರಿ ಕಸ್ಟರ್‌ನ ಹೆಸರು. ಕಸ್ಟರ್‌ನ ಸೈನಿಕರು ಬಿದ್ದ ಜಾಗಗಳಲ್ಲಿ 1890ರಲ್ಲೇ ಬಿಳಿ ಅಮೃತಶಿಲೆ ನೆಟ್ಟರು. ಅವರ ಎದುರಾಳಿಗಳಿಗೆ ಕೆಂಪು ಗ್ರಾನೈಟ್ ಕಲ್ಲು ನೆಡಲು ಶುರುವಾದದ್ದು 1999ರಲ್ಲಿ. ಬಿಳಿಯ ಕಲ್ಲುಗಳು ಸತ್ತವರಿಗಿಂತ ಹೆಚ್ಚಿವೆ, ಕೆಲವು ಜೋಡಿ ಜೋಡಿಯಾಗಿ ನಿಂತಿವೆ. 1983ರ ಕಾಡ್ಗಿಚ್ಚಿನಲ್ಲಿ ಹುಲ್ಲು ಸುಟ್ಟುಹೋದ ಮೇಲೆ ಪುರಾತತ್ವದವರು ಅಗೆದು ನೋಡಿದರು. ಅದರದೇ ಒಂದು ದೊಡ್ಡ ಕಥೆ. ಬೇಕಾದವರು ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತುಕೊಳ್ಳಿ.